ಒದ್ದೆ ಗೋಣಿಯ ಲೆಕ್ಕ

ಮುಂಗುಸಿ ಕೆಂಚಿಯನ್ನು ಎಳಕೊಂಡು ಹೋದ ಬೆಳಗ್ಗೆ
ಬುಟ್ಟಿಯ ಹೊಟ್ಟಿನಲ್ಲಿ ಹನ್ನೊಂದು ಮೊಟ್ಟೆ,
ಇನ್ನೂ ಬಿಸಿ.
ಕಾವಿಗೆ ಕೂತು ಅವಳಿಗದು ಆರನೇ ದಿನ.

ದ್ರಾಕ್ಷಿ ತುಂಬುವ ಥರ್ಮಾಕೋಲ್ ಡಬ್ಬಿ ಇತ್ತು,
ಮುಚ್ಚಳ ಕೊಯ್ದು ಕೂರಿಸಲು ಹಳೇ ಫೋಟೋದ ಗಾಜು, ನಲವತ್ತರ ಬಲ್ಬು,
ಹುಳುಮನೆಯ ಗೋಡೆಯಲ್ಲಿ ಇಪ್ಪತ್ತು ವರ್ಷದಿಂದ ನೇತಾಡುವ
ಜೋಡಿ ಥರ್ಮಾಮೀಟರು:
ಒಂದಕ್ಕೆ ಬರಿತಲೆ, ಇನ್ನೊಂದಕ್ಕೆ ಒದ್ದೆ ಬಟ್ಟೆಯ ಟೋಪಿ.
ಎರಡರ ನಡುವಿನ ಅಂತರವೇ ಗಾಳಿಯ ಬಾಯಾರಿಕೆ
ಅಂತ ರೇಷ್ಮೆ ಇಲಾಖೆಯ ಮೇಡಂ ಹೇಳಿಕೊಟ್ಟಿದ್ದರು.

ತೇವ ನನಗೆ ಗೊತ್ತು.
ಶಿಡ್ಲಘಟ್ಟದ ಬೇಸಗೆಯಲ್ಲಿ
ಸಾಸಿವೆಯಂಥ ಹುಳು ಒಣಗದಂತೆ
ಕಿಟಕಿಗೆ ಒದ್ದೆ ಗೋಣಿ, ನೆಲಕ್ಕೆ ಮರಳು, ಮರಳಿಗೆ ನೀರು,
ಸೊಪ್ಪಿನ ಅಂಚಿಗೆ ನೆನೆಸಿದ ಸ್ಪಂಜು,
ಇಷ್ಟೆಲ್ಲ ಮಾಡಿ ಪಳಗಿದ ಕೈ.
ಅದೇ ಕೈ ಡಬ್ಬಿಯೊಳಗೆ ಎರಡು ಬಟ್ಟಲು ನೀರಿಟ್ಟಿತು.
ಗಾಜು ಬೆವರಿತು. ನನಗೆ ಸಮಾಧಾನ.

ಹತ್ತನೇ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದೆ.
ನರ ಹರಡಿತ್ತು, ಮಿಡಿಯುತ್ತಿತ್ತು, ಆದರೆ
ದಪ್ಪ ತುದಿಯ ಗಾಳಿಕೋಣೆ
ಎಂಟಾಣೆಯಷ್ಟೂ ಬೆಳೆದಿರಲಿಲ್ಲ.
ಎದುರುಮನೆ ಯರ್ರಮ್ಮ ಇಣುಕಿ ನೋಡಿ ಬೈದಳು:
"ಮೊಟ್ಟೆನೂ ಬೆವರಬೇಕು ಕಣಮ್ಮಣ್ಣಿ.
ಕೆಂಚಿ ದಿನಕ್ಕೊಂದು ಸಲ ಎದ್ದು ಮಣ್ಣಾಡಕ್ಕೆ ಹೋಗ್ತಿರಲಿಲ್ವಾ,
ಯಾತಕ್ಕೆ ಅಂದ್ಕೊಂಡೆ?
ಹಿಂಗೇ ಬಿಟ್ರೆ ಪಿಳ್ಳೆಗೆ ಮೂಗೆತ್ತಕ್ಕೂ ಜಾಗ ಇರಲ್ಲ,
ಒಳಗೇ ಮುಳುಗ್ತದೆ."

ಸಾವಿರದಿನ್ನೂರು ಅಡಿ ಕೊರೆದರೂ ಧೂಳು ಬರುವ ಊರಲ್ಲಿ
ಮುಳುಗಿ ಸಾಯುವುದೆಂದರೆ!

ಒಂದು ಬಟ್ಟಲು ತೆಗೆದೆ. ಮಾರನೇ ದಿನ ಇನ್ನೊಂದನ್ನೂ.
ಪೆನ್ಸಿಲ್ಲಿನಲ್ಲಿ ಕೋಣೆಯ ಗಡಿ ಬರೆದೆ,
ಎರಡು ದಿನಕ್ಕೊಮ್ಮೆ ಹೊಸ ಗೆರೆ, ಸರ್ವೇಯರ್ ಹಾಗೆ.
ಗೆರೆ ಇಳಿಯತೊಡಗಿತು.

ಹುಳುವಿಗೆ ಮೊದಲು ತೇವ, ಕೊನೆಗೆ ಒಣಗಾಳಿ;
ಚಂದ್ರಿಕೆಗೆ ಥಂಡಿ ತಗುಲಿದರೆ ಗೂಡಿನ ನೂಲು ಬಿಚ್ಚುವುದಿಲ್ಲ.
ಮೊಟ್ಟೆಗೆ ಇದೆಲ್ಲ ತಿರುಗಾಮುರುಗಾ.
ಇಷ್ಟು ತಲೆಗೆ ಹತ್ತಲು ಎರಡು ಮೊಟ್ಟೆ ಹೋದವು.

ಹದಿನೆಂಟನೇ ದಿನ ಹೊರಳಿಸುವುದು ನಿಲ್ಲಿಸಿ
ಕಿಟಕಿಯ ಗೋಣಿಯಿಂದ ಒಂದು ಚೂರು ಹರಿದು, ನೆನೆಸಿ, ಹಿಂಡಿ
ಮೂಲೆಗೆ ಒತ್ತಿದೆ.
ಟೋಪಿ ಹಾಕಿದ ಪಾದರಸ ಬರಿತಲೆಯದರ ಹತ್ತಿರ ಹತ್ತಿರ ಏರಿತು.
ಮುಚ್ಚಳದ ಮೇಲೆ ಕಲ್ಲಿಟ್ಟೆ,
ನನ್ನ ಕೈಗೇ ಹೆದರಿ.

ಗೂಡಿನ ಮಾರುಕಟ್ಟೆಯಲ್ಲಿ ಓಡಾಡಿ ಬೆಳೆದವಳು ನಾನು.
ಲಾಟಿನಲ್ಲೊಂದು ತೂತುಗೂಡು ಕಂಡರೆ
ರೀಲರ್ ಅಮ್ಜದ್ ಸಾಬರು ಎತ್ತಿ ಹಿಡಿಯುತ್ತಿದ್ದರು, ಎಲ್ಲರಿಗೂ ಕಾಣುವಂತೆ:
"ಬಾಗಿಲು ತೆಗೆದು ಹೋದ ಮನೆ ಇದು, ಇದರಲ್ಲಿ ನೂಲೆಲ್ಲಿ?"
ಅಪ್ಪ ತಲೆತಗ್ಗಿಸುತ್ತಿದ್ದ.
ಒಳಗಿರುವುದು ಹೊರಗೆ ಬರುವ ಮೊದಲೇ
ಹಬೆ ಕೊಟ್ಟು ಮುಗಿಸಬೇಕು, ಅದೇ ನಮ್ಮ ಅನ್ನ.

ಇಪ್ಪತ್ತೊಂದನೇ ದಿನ, ಬೆಳಗಿನ ಜಾವ,
ಗಾಜಿಗೆ ಮೂಗು ಹಚ್ಚಿ ಮಂಡಿಯೂರಿ ಕೂತಿದ್ದೆ
ಒಂದು ತೂತಿಗಾಗಿ.

ಏಳು ಬಂದವು. ಒಂದು ಕದಲಲೇ ಇಲ್ಲ.
ಇನ್ನೊಂದು ಅರ್ಧ ಸುತ್ತು ಕೊರೆದು ನಿಂತಿತು.
ತಡೆಯಲಾರದೆ ಒಂದೇ ಒಂದು ಸಲ ಮುಚ್ಚಳ ಎತ್ತಿದ್ದೆ,
ನಾಲ್ಕು ಉಸಿರಿನಷ್ಟು ಹೊತ್ತು;
ಅಷ್ಟಕ್ಕೇ ಒಳಪೊರೆ ಹಪ್ಪಳವಾಗಿ ಮೈಗೆ ಅಂಟಿಕೊಂಡಿತ್ತು.
ಉಗುರುಬೆಚ್ಚನೆ ನೀರಿಗೆ ಬೆರಳದ್ದಿ
ಪೊರೆಯ ಅಂಚಿಗೆ ಸವರಿದೆ,
ಬೇಯಿಸಿದ ಗೂಡಿನಲ್ಲಿ ಎಳೆಯ ತುದಿ ಹುಡುಕುವ ಹಾಗೆ,
ಹರಿಯದೆ.
ಯರ್ರಮ್ಮ ಬಾಗಿಲಲ್ಲೇ ನಿಂತಿದ್ದಳು. ಬೈಯಲಿಲ್ಲ.

ಈಗ ಎಂಟು. ಎಂಟನೆಯದಕ್ಕೆ ಒಂದು ಕಾಲು ಸೊಟ್ಟ.
ಹುಳುಮನೆಯ ಹೊಸ್ತಿಲಿಗೆ ದಿನಾ ಬಂದು
ಕಸದಲ್ಲಿ ಸತ್ತ ಹುಳು ಹೆಕ್ಕುತ್ತದೆ.
ಕಿಟಕಿಯ ಗೋಣಿಯಲ್ಲಿ ಅಂಗೈಯಗಲ ಖಾಲಿ.
ಅಲ್ಲಿಂದ ಒಣಗಾಳಿ ನುಗ್ಗಿ
ಗೋಡೆಗೆ ಮರಳಿದ ಥರ್ಮಾಮೀಟರು ಟಕಟಕ ಅನ್ನುತ್ತದೆ.
ತೇಪೆ ಹಾಕಬೇಕು.
ನಾಳೆ.