ಕತ್ತರಿ ಹಾಕಿದ ಮ್ಯಾಲ

ಸೊಹಾರದಾಗ ದಿಶ್‌ದಾಶಾ ಹೊಲಿಯಾಕ ಹತ್ತಿ ಹತ್ತೊಂಬತ್ತು ವರ್ಷ.
ಕೊರಳಿಗೆ ಗೊಂಡೆ, ತೋಳಿಗೆ ಕಸೂತಿ.
ಬಿಳಿ ಅರಿವಿ ಮ್ಯಾಲ ಒಂದು ಹನಿ ಚಹಾ ಬಿದ್ದರೂ
ಪಿತ್ತ ನೆತ್ತಿಗೇರತಿತ್ತು ನನಗ.

ಈಗ ನೆತ್ತಿಗೇರೂದಿಲ್ಲ.
ಪಕ್ಕೆಲುಬಿನ ಕೆಳಗಿಂದ ನಳಿಗಿ ಹಿಡಿದು
ಚೀಲಕ್ಕ ಇಳೀತದ, ದಿನಕ್ಕ ಎರಡು ಲೋಟ,
ಅರಿಷಿಣಕ್ಕ ಪಾಚಿ ಕಲಸಿದ ಬಣ್ಣ.

ಕಲ್ಲಿದ್ದವು ಪಿತ್ತಕೋಶದಾಗ.
ನಾಕು ತೂತು, ಒಂದು ತಾಸು,
ಮುಂದಿನ ವಾರ ಮಿಶಿನ್ ತುಳೀಬಹುದು ಅಂದಿದ್ದ ತರುಣ ಡಾಕ್ಟರ್.
ಕಡೀಬೇಕಾದ್ದು ಸಣ್ಣ ನಾಳ.
ಕಡಿದದ್ದು ಅದರ ಬಾಜೂದ ದೊಡ್ಡದು.
ಬಾವಿನಾಗ ಎರಡೂ ಅಂಟಿ ಒಂದ ಕಂಡವಂತ.

ಎಂಟನೇ ದಿನ ಕನ್ನಡಿಯೊಳಗ ಕಣ್ಣು ಹಳದಿ.
ಕಾಮಾಲಿ ಕಣ್ಣಿಗೆ ಲೋಕೆಲ್ಲ ಹಳದಿ ಅಂತಾರ.
ಸುಳ್ಳು. ಬಿಳಿ ಅರಿವಿ ಬಿಳೀನ ಕಾಣತದ,
ಅದರ ಮ್ಯಾಲಿನ ನನ್ನ ಬೆರಳಷ್ಟ ಹಳದಿ.

ಮಸ್ಕತ್ತಿನ ಡಾಕ್ಟರ್ ಝುವೈನಾ ಪೆನ್ಸಿಲ್ಲಿನಿಂದ ಬರೆದು ತೋರಿಸಿದಳು:
ಕರುಳಿನ ಒಂದು ತುದಿ ಮ್ಯಾಲೆಳೆದು ತಂದು
ಯಕೃತ್ತಿನ ಬುಡದಾಗ ಉಳಿದ ನಾಳಕ್ಕ ಜೋಡಸೂದು.
ಬಾಯಿ ಎಷ್ಟು ಅಗಲ?
ಜೋಳದ ಕಾಳಿನಷ್ಟು.
ಯಾವಾಗ?
ಈಗಲ್ಲ, ಬಾವು ಇಳೀಲಿ.
ಹೌದು, ಹಸಿ ಅರಿವಿಗೆ ಸೂಜಿ ಹಾಕಬಾರದು, ಅಂದೆ.
ಆಕಿ ನಕ್ಕಳು.

ಎರಡು ತಿಂಗಳು ಅಂಗಡ್ಯಾಗ ಕೂತು ಬರೇ ಗುಂಡಿ ಹಚ್ಚಿದೆ.
ಚೀಲಕ್ಕಂತ ಒಂದು ಕಿಸೆ ಹೊಲಕೊಂಡೆ
ಅಂಗಿ ಒಳಗ, ಗಿರಾಕಿಗೆ ಕಾಣದಂಗ.
ಗುಂಡಿ ಬ್ಯಾರೆ ಇಟ್ಟೆ ಅದಕ್ಕ.

ಆಪರೇಶನ್ ಆಗಿ ಐದನೇ ಮುಂಜಾನೆ ನರ್ಸ್ ಕೇಳಿದಳು,
ಬಣ್ಣ?
ಸುಣ್ಣದಂಗ ಇದ್ದದ್ದು ಮಣ್ಣಿನಂಗ ಆಗೇದ ಅಂದೆ.
ಮದಿವಿ ಸುದ್ದಿ ಕೇಳಿದಂಗ ಓಡಿದಳು.

ಆವತ್ತ ಸಂಜಿಗೆ
ಆ ತರುಣ ಇನ್ನೂರು ಕಿಲೋಮೀಟರ್ ಗಾಡಿ ಹೊಡಕೊಂಡು ಬಂದು
ಬಾಗಲಾಗ ನಿಂತ.
ಒಳಗ ಬರಲಿಲ್ಲ.

ಆ ನಿಲ್ಲೂದು ನನಗ ಗೊತ್ತು.
ಬಂದ ಹೊಸದಾಗ, ಮದುಮಗನ ದಿಶ್‌ದಾಶಾ,
ಅಳತಿ ಬರೋಬ್ಬರಿ ಇತ್ತು, ಮಡಿಕಿ ತಿರುಗಿತ್ತು.
ಕತ್ತರಿ ಹಾಕಿದ ಮ್ಯಾಲ ನಾನೂ ಹಿಂಗ
ಎರಡೂ ಕೈ ಎಲ್ಲಿಡೂದು ತಿಳೀದ ನಿಂತಿದ್ದೆ.
ಮಾಲಕ ಬೈದ, ಪಗಾರದಾಗ ರೊಕ್ಕ ಮುರಕೊಂಡ,
ಹೊಸ ತಾನು ಬಿಚ್ಚಿದ.

ಅರಿವಿಗೆ ಹೊಟ್ಟಿ ಇದ್ದಿದ್ದಿಲ್ಲ.

ಕ್ಷಮಾ ಗಿಮಾ ನಾ ಅನ್ನಲಿಲ್ಲ, ಅಂವನೂ ಕೇಳಲಿಲ್ಲ.
ಕುರ್ಚಿ ತೋರಿಸಿದೆ. ಕೂತ.
ಅಂವನ ಅಂಗಿ ಹೆಗಲಿಗೆ ಎರಡು ಬೆರಳು ಸಡಲ ಇತ್ತು,
ಎರಡು ತಿಂಗಳಿನಾಗ ಅಂವನೂ ಇಳಿದಿದ್ದ.
ಕೈ ತಾನ ಅಳತಿಪಟ್ಟಿ ಹುಡುಕಿತು
ನನ್ನ ಕೊರಳಾಗ.
ಅಲ್ಲಿ ಇರಲಿಲ್ಲ.