ಒಂದು ಕೆನ್ನೆ

ಜಗಳೂರು ಸಂತೆಯ ದಿನ ಗಾದ್ರಿಪಾಲಯ್ಯ ಬಂದರೆ
ಕನ್ನಡಿಯನ್ನು ಗೋಡೆಗೆ ತಿರುಗಿಸುತ್ತೇನೆ.
ಎಡಗೆನ್ನೆಗಷ್ಟೇ ನೊರೆ.
ಬಲಗಡೆ ಕೂದಲು ಹುಟ್ಟುವುದಿಲ್ಲ:
ಕುಂಟೆ ಎಳೆದಂತೆ ನಾಲ್ಕು ಗೆರೆ,
ಕಣ್ಣಿದ್ದಲ್ಲಿ ಬರೀ ಹೊಲಿಗೆ.

'ಈಡು ತಾಗಿತ್ತು ಕಣಲೇ.
ರಕ್ತದ ಜಾಡು ಹಿಡಿದು ಕಾರೆಮೆಳೆ ಹೊಕ್ಕೆ.
ಓಡಿಹೋಗಿರ್ತದೆ ಅಂದ್ಕಂಡೆ.
ಕುಂತಿತ್ತು,
ಹೊಟ್ಟೆಗೆ ಸೊಪ್ಪು ಒತ್ತಿಕೊಂಡು,
ನಮ್ಮಂಗೇ.'

ಬಂದೂಕಿಗೆ ಮತ್ತೆ ಮದ್ದು ಗಿಡಿವಷ್ಟು
ಹೊತ್ತು ಕೊಡಲಿಲ್ಲವಂತೆ.
ಎದ್ದು ನಿಂತದ್ದು ಆಳೆತ್ತರ.
ಬಾಯಲ್ಲಿ ಇಪ್ಪೆಹೂವಿನ ವಾಸನೆ.
ಪ್ರತಿ ಸಲವೂ ಅಲ್ಲಿಗೇ ನಿಲ್ಲಿಸುತ್ತಾನೆ.

ಅರ್ಧ ದುಡ್ಡು ಸಾಕೆಂದರೆ ಕೇಳುವುದಿಲ್ಲ,
'ಆ ಕಡೇದು ಅದರ ಕೂಲಿ, ಇಟ್ಕ.'

ಕತ್ತಿ ಕಿವಿಯ ಹತ್ತಿರ ಬಂದಾಗ ಮಾತ್ರ
ಕುರ್ಚಿಯ ಹಿಡಿ ಕಿರುಗುಟ್ಟುತ್ತದೆ.
ಕೈ ತಡೆದು
ಮೆಲ್ಲಗೆ ಹೇಳುತ್ತೇನೆ:
ನಾನು ಕಣಣ್ಣಾ,
ನಾನು.