ಬಾಯಿ ಬಿಡದ ಕೆ

ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದೆ, ಇಗರ್ಜಿಗೆ ಸೇರಿದ ಹಾಲಿನಲ್ಲಿ
ಮಂಗಳವಾರ ಸಂಜೆ ಆರೂವರೆಗೆ ಇಂಗ್ಲಿಷ್ ಪಾಠ.
ಹೀಟರು ಕೆಮ್ಮುತ್ತದೆ. ಬಿಸ್ಕತ್ತಿನ ಡಬ್ಬ ಕೈಯಿಂದ ಕೈಗೆ.
ಹಿಲ್ಡಾ ಬ್ರಾಕಲ್ಸ್‌ಬಿ, ಎಪ್ಪತ್ತೊಂಬತ್ತು,
ಬಲೆ ಹೆಣೆದು ಹೆಣೆದು ಸೊಟ್ಟಗಾದ ಬೆರಳಲ್ಲಿ
ಬೋರ್ಡಿನ ಮೇಲೆ ಬರೆಯುತ್ತಾಳೆ: ಕೆ, ಎನ್.
"ಈ ಜೋಡಿಯಲ್ಲಿ ಮೊದಲನೆಯದು ಬಾಯಿ ಬಿಡುವುದಿಲ್ಲ.
ಕಣ್ಣಿಗುಂಟು, ಕಿವಿಗಿಲ್ಲ."

ನೀ ಅಂದರೆ ಮೊಣಕಾಲು.
ನಕಲ್, ಬೆರಳ ಗೆಣ್ಣು. ನಾಬ್, ಬಾಗಿಲ ಗುಬುಟು.
ನೀಡ್ ಅಂದರೆ ಹಿಟ್ಟು ನಾದುವುದು.
ಮೈಯಲ್ಲಿ, ಮರದಲ್ಲಿ, ಹಿಟ್ಟಿನ ಮುದ್ದೆಯಲ್ಲಿ
ಎಲ್ಲೆಲ್ಲಿ ಉಬ್ಬು, ಎಲ್ಲೆಲ್ಲಿ ಕೀಲು,
ಅಲ್ಲೆಲ್ಲ ಈ ಕೆ ಬಂದು ಕೂತಿದೆ,
ಮದುವೆಮನೆಯಲ್ಲಿ ಮೂಲೆ ಹಿಡಿದ ಸೋದರಮಾವನಂತೆ.

ನಾಟ್ ಅಂದರೆ ಗಂಟು.
ಹಲಗೆಯೊಳಗಿನ ಕಣ್ಣೂ ನಾಟೇ, ಹಡಗಿನ ವೇಗವೂ.
ಚಳಿಗಾಲಕ್ಕೆ ಹಂಬರ್ ನದಿಯ ಕೆಸರಿಗೆ
ಸಾವಿರಗಟ್ಟಲೆ ಇಳಿಯುವ ಬೂದು ಹಕ್ಕಿಗೂ ಅದೇ ಹೆಸರು.
"ಕೆ ತೆಗೆದರೋ?" ಕೇಳುತ್ತಾನೆ ಲಿಥುವೇನಿಯದ ರಿಮ್ವಿದಾಸ್.
ಹಿಲ್ಡಾ ಒರೆಸಿ ತೋರಿಸುತ್ತಾಳೆ:
ಆಗಲೂ ನಾಟ್. ಅರ್ಥ ಮಾತ್ರ, ಅಲ್ಲ.
ಗಂಟು ಬಿಚ್ಚಿದರೆ ಉಳಿಯುವುದು ಬರೀ 'ಅಲ್ಲ'.

ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವ ನನ್ನ ಪಾಡು ನೋಡಿ:
ಕ್ ಎಂದು ಬರೆದೆನೋ, ಅದು ಕೇಳಿಸಿಯೇಬಿಡುತ್ತದೆ.
ಬಿಟ್ಟೆನೋ, ಇತ್ತೆಂಬ ಗುರುತೂ ಇಲ್ಲ.
ಮಾತಾಡದ ಅಕ್ಷರಕ್ಕೆ
ನನ್ನ ವರ್ಣಮಾಲೆಯಲ್ಲಿ ಒಂದು ಮಣೆಯೂ ಇಲ್ಲ.

ಲೆತೆಬ್ರಹಾನ್‌ಳ ಲಿಪಿಯೂ ನಮ್ಮ ಕಾಗುಣಿತದ ಜಾತಿಯೇ,
ಅಕ್ಷರದ ಮೈಗೇ ಸ್ವರ ಅಂಟಿರುತ್ತದೆ,
ಬರೆದದ್ದು ಬಾಯಿಗೆ ಬರಲೇಬೇಕು.
ಅವಳು ಎದ್ದು ನಿಂತು ಓದುತ್ತಾಳೆ: "ಕ್ನೈಫ್."
ಹಿಂದಿನ ಸಾಲು ಕಿಸಕ್ಕೆನ್ನುತ್ತದೆ.
"ನನ್ನ ಊರು ಕೆರೆನ್," ಎನ್ನುತ್ತಾಳೆ. "ಕೆ ನುಂಗಿದರೆ ಊರೇ ಇಲ್ಲ."

"ನಗಬೇಡಿ," ಹಿಲ್ಡಾ ಡಸ್ಟರು ಕುಟ್ಟುತ್ತಾಳೆ.
"ಐನೂರು ವರ್ಷದ ಹಿಂದೆ ಈ ಕಟ್ಟೆಯಲ್ಲಿ
ನಮ್ಮವರೂ ಹಾಗೇ ಅನ್ನುತ್ತಿದ್ದರು.
ಕೆ ಸತ್ತಿಲ್ಲ. ನಮ್ಮ ಜೊತೆ ಮಾತು ಬಿಟ್ಟಿದೆ, ಅಷ್ಟೆ."

ನೋ ಅಂದರೆ ಬಲ್ಲೆ. ನೋ ಅಂದರೆ ಇಲ್ಲ.
ಇದಕ್ಕೆ ಯಾರೂ ನಗಲಿಲ್ಲ.
ದುಭಾಷಿ ಫೋನಿಗೆ ಸಿಗುವ ಮುಂಚೆ
ತಮ್ಮನಿಗೆ ಏನಾಯಿತು, ಗೊತ್ತೇ ಎಂದು ಕೇಳಿದ ಅಧಿಕಾರಿಗೆ
ಲೆತೆಬ್ರಹಾನ್ ಹೇಳಿದ್ದು ಮೊದಲನೆಯದು.
ಅವನು ಬರೆದುಕೊಂಡದ್ದು ಎರಡನೆಯದು.
ಆ ಹಾಳೆ ಈಗಲೂ ಯಾವುದೋ ಫೈಲಿನಲ್ಲಿದೆ.

ನಾಕ್, ಬಾಗಿಲು ಬಡಿಯುವುದು.
ಹಿಲ್ಡಾ ಮೇಜಿನ ಮೇಲೆ ಗೆಣ್ಣಿನಿಂದ ಬಡಿದು ತೋರಿಸಿದಳು, ಎರಡು ಸಲ.
ಕೆರೆನ್‌ನ ಒಂದು ರಾತ್ರಿ ತಮ್ಮನನ್ನು ಕರೆದೊಯ್ಯಲು ಬಂದವರು
ಬಡಿದದ್ದು ಹೀಗಲ್ಲ, ಇನ್ನೂ ಮೆಲ್ಲಗೆ.
ಹಿಲ್ಡಾಳಿಗೆ ಎಂಟು ವರ್ಷವಿದ್ದಾಗ
ಟ್ರಾಲರ್ ಕಂಪನಿಯ ಮನುಷ್ಯ ಬಂದು ಬಡಿದದ್ದು ಹೇಗೋ,
ಅವಳು ಹೇಳಲಿಲ್ಲ.
ಪಟ್ಟಿಯ ಕೊನೆಯಲ್ಲಿ ನೆಲ್ ಎಂಬ ಪದವೂ ಇತ್ತು.
ಅದರ ಅರ್ಥ ಬರೆಯದೆಯೇ "ಟೀ ಆರುತ್ತಿದೆ" ಎಂದಳು.

ಬುಧವಾರ ಬೆಳಗ್ಗೆ ಐದೂವರೆ. ಕಾರ್ಖಾನೆ.
ನೀಲಿ ಕೈಗವಸು, ಐಸು, ಸಾಲುಸಾಲು ಹ್ಯಾಡಕ್ ಮೀನು.
ಲೆತೆಬ್ರಹಾನ್ ಬಾಲದ ಕಡೆಯಿಂದ ಕುಯ್ಯುತ್ತ ಬರುತ್ತಾಳೆ,
ತುಟಿಯೊಳಗೇ ಅಭ್ಯಾಸ: ನೈಫ್, ನೈಫ್, ನೈಫ್.
ಸರಿಯಾಗಿಯೇ ಬರುತ್ತಿದೆ.
ಅಲಗು ಬೆನ್ನುಮೂಳೆಗೆ ತಾಗುತ್ತದೆ.
ಕ್.